ಪ್ರತಿವಾದದ ಧರ್ಮ

ನ್ಯಾಯಸ್ಥಾನದಲ್ಲಿ ಆಪಾದಿತನಾಗಿ ನಿಂತವನಿಗೆ ತನ್ನ ಪರವಾಗಿ ವಾದಿಸುವ ಹಕ್ಕು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದಾಚೆಗೆ ಆ ವಾದವು ಅಧರ್ಮವಾಗುತ್ತದೆ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ವಕೀಲರಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ಧರ್ಮಪತ್ರಿಕೆಯೊಂದರಲ್ಲಿ ಇದನ್ನು ಎತ್ತಿಕೊಳ್ಳುವ ಔಚಿತ್ಯವೇನೆಂದು ಕೆಲವರು ಕೇಳಿಯಾರು. ಆದರೆ 2022ರಿಂದೀಚೆಗೆ ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಬಾಳಿದ ಯಾವ ಭಕ್ತನಿಗೂ ಈ ಪ್ರಶ್ನೆ ಪರಕೀಯವಾಗಿ ಉಳಿದಿಲ್ಲ. ಭರಮಸಾಗರದ ಬಸ್ ನಿಲ್ದಾಣದಲ್ಲಿ, ಕೆರೆಯ ಏರಿಯ ಮೇಲೆ, ಮದುವೆಯ ಚಪ್ಪರದಲ್ಲಿ, ಪ್ರಸಾದದ ಪಂಕ್ತಿಯಲ್ಲಿ ಕೂಡ ಈ ವಿಚಾರವು ಚರ್ಚೆಗೆ ಬಂದಿತು. ಅಪ್ಪ ಮಕ್ಕಳು ಮುನಿಸಿಕೊಂಡರು. ಒಂದೇ ಪ್ರಸಾದ ನಿಲಯದಲ್ಲಿ ಉಂಡು ಓದಿದ ಗೆಳೆಯರು ಮಾತು ಬಿಟ್ಟರು.

ಆಗ ಕಿವಿಗೆ ಬಿದ್ದ ಮಾತುಗಳನ್ನು ನೆನಪಿಸಿಕೊಂಡರೆ ಅವು ಮುಖ್ಯವಾಗಿ ಎರಡೇ ಬಗೆಯವು. ಒಂದು: "ಇಂಥ ಆಪಾದನೆ ಬಂದವರಿಗೆ ವಕೀಲರೇಕೆ, ವಿಚಾರಣೆಯೇಕೆ?" ಇನ್ನೊಂದು: "ಇದೆಲ್ಲವೂ ಪಿತೂರಿ, ಆ ಹುಡುಗಿಯರ ಮಾತನ್ನು ಯಾರು ನಂಬಬೇಕು?" ಈ ಎರಡೂ ಮಾತುಗಳು ಒಂದಕ್ಕೊಂದು ವಿರುದ್ಧವೆಂದು ನಾವು ತಿಳಿದೆವು. ವಾಸ್ತವವಾಗಿ ಇವು ಒಂದೇ ಗರ್ಭದಿಂದ ಹುಟ್ಟಿದವು. ಸಾಕ್ಷ್ಯವನ್ನು ನೋಡುವ ಮೊದಲೇ ತೀರ್ಪು ಕೊಡುವ ಆತುರವೇ ಆ ಗರ್ಭ. ಮೊದಲನೆಯವನು ಆಪಾದಿತನಿಗೆ ಬಾಯಿಲ್ಲದಂತೆ ಮಾಡಲು ಬಯಸಿದನು. ಎರಡನೆಯವನು ದೂರಿತ್ತ ಮಕ್ಕಳಿಗೆ ಬಾಯಿಲ್ಲದಂತೆ ಮಾಡಲು ಬಯಸಿದನು. ಈ ಇಬ್ಬರ ನಡುವೆ ಧರ್ಮದ ದಾರಿ ಯಾವುದೆಂಬುದೇ ಈ ಲೇಖನದ ವಿಷಯ.

ಮೊದಲು ನಡೆದುದನ್ನು ಸಂಕ್ಷೇಪವಾಗಿ ಹೇಳಬೇಕು. 2022ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಚಿತ್ರದುರ್ಗದ ಮುರುಘಾಮಠದ ವಸತಿನಿಲಯದಲ್ಲಿದ್ದ ಇಬ್ಬರು ಬಾಲಕಿಯರು ಮಠದ ಪೀಠಾಧಿಪತಿಗಳಾದ ಶ್ರೀ ಶಿವಮೂರ್ತಿ ಮುರುಘಾ ಶರಣರ ಮೇಲೆ ಲೈಂಗಿಕ ದೌರ್ಜನ್ಯದ ಆಪಾದನೆ ಮಾಡಿದರು. ದೂರು ಮೊದಲು ದಾಖಲಾದುದು ಮೈಸೂರಿನಲ್ಲಿ, ಒಡನಾಡಿ ಸೇವಾ ಸಂಸ್ಥೆಯ ನೆರವಿನಿಂದ. ಬಳಿಕ ಪ್ರಕರಣವು ಚಿತ್ರದುರ್ಗಕ್ಕೆ ವರ್ಗವಾಯಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು ಶರಣರ ಬಂಧನವಾಯಿತು. ಆಪಾದನೆಯನ್ನು ಅವರು ಅಲ್ಲಗಳೆದರು. 2023ರ ನವೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಚಿತ್ರದುರ್ಗ ಜಿಲ್ಲೆಯನ್ನು ಪ್ರವೇಶಿಸಬಾರದೆಂಬ ನಿಬಂಧನೆಯೊಡನೆ ಅವರಿಗೆ ಜಾಮೀನು ನೀಡಿತು. 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಾಲಕಿಯರ ಸಾಕ್ಷ್ಯ ಮುಗಿಯುವವರೆಗೆ ಅವರು ಮತ್ತೆ ನ್ಯಾಯಾಂಗ ಬಂಧನದಲ್ಲಿರಬೇಕೆಂದು ಆದೇಶಿಸಿತು. ಅವರು ಶರಣಾಗತರಾದರು, ಆ ವರ್ಷದ ಅಕ್ಟೋಬರ್‌ನಲ್ಲಿ ಬಿಡುಗಡೆ ಹೊಂದಿದರು. 2025ರ ನವೆಂಬರ್ 26ರಂದು ಚಿತ್ರದುರ್ಗದ ಸೆಷನ್ಸ್ ನ್ಯಾಯಾಲಯವು ಈ ಪ್ರಕರಣದಲ್ಲಿ ಅವರನ್ನು ಖುಲಾಸೆಗೊಳಿಸಿತು.

ಈ ತೀರ್ಪಿನ ಗುಣದೋಷಗಳನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶವಲ್ಲ. ಈ ಮೂರು ವರ್ಷಗಳಲ್ಲಿ ಭಕ್ತರಾದ ನಾವು ಹೇಗೆ ನಡೆದುಕೊಂಡೆವು, ಹೇಗೆ ನಡೆದುಕೊಳ್ಳಬೇಕಾಗಿತ್ತು ಎಂಬುದಷ್ಟೇ ಇಲ್ಲಿಯ ವಿಚಾರ.

ಮೊದಲನೆಯ ಮಾತನ್ನು ತೆಗೆದುಕೊಳ್ಳೋಣ. ಇಂಥ ಆಪಾದನೆ ಬಂದವನಿಗೆ ವಕೀಲನೇಕೆ? ಈ ಪ್ರಶ್ನೆಯನ್ನು ಕೇಳುವವರು ದುಷ್ಟರಲ್ಲ. ಮಗುವಿನ ಮೇಲಿನ ಮರುಕವೇ ಅವರಿಂದ ಈ ಮಾತನ್ನಾಡಿಸುತ್ತದೆ. ಆದರೆ ಮರುಕವು ವಿವೇಕವನ್ನು ಬಿಟ್ಟಾಗ ಅದೂ ಒಂದು ಬಗೆಯ ಕ್ರೌರ್ಯವೇ ಆಗುತ್ತದೆ. ನಮ್ಮ ಸಂವಿಧಾನದ 22ನೆಯ ಅನುಚ್ಛೇದವು, ಬಂಧಿತನಾದ ಯಾವನಿಗೂ ತಾನು ಆರಿಸಿಕೊಂಡ ವಕೀಲನ ಸಲಹೆ ಪಡೆಯುವ ಮತ್ತು ಅವನ ಮೂಲಕ ತನ್ನನ್ನು ಸಮರ್ಥಿಸಿಕೊಳ್ಳುವ ಹಕ್ಕನ್ನು ನಿರಾಕರಿಸಬಾರದೆಂದು ವಿಧಿಸಿದೆ. 1976ರಲ್ಲಿ ಸೇರ್ಪಡೆಯಾದ 39ಎ ಅನುಚ್ಛೇದವು, ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದು, ಅಂಥವರಿಗೆ ಉಚಿತ ಕಾನೂನು ನೆರವು ದೊರೆಯಬೇಕೆಂದು ಹೇಳುತ್ತದೆ. ಇಂತಿಂಥ ಅಪರಾಧದ ಆರೋಪಿಗಳಿಗೆ ಮಾತ್ರ ಎಂಬ ವಿಂಗಡಣೆಯನ್ನು ಸಂವಿಧಾನವು ಮಾಡಿಲ್ಲ.

2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯವನ್ನು ವಾಚಕರು ಮರೆತಿರಲಾರರು. ಆ ಪ್ರಕರಣದ ಆರೋಪಿಗಳ ಪರವಾಗಿ ತಾವು ನಿಲ್ಲುವುದಿಲ್ಲವೆಂದು ಅಲ್ಲಿಯ ಸಾಕೇತ್ ನ್ಯಾಯಾಲಯದ ವಕೀಲರು ಘೋಷಿಸಿದರು. ಜನರು ಅದನ್ನು ಮೆಚ್ಚಿದರು. ಆದರೆ ಅದಕ್ಕೂ ಎರಡು ವರ್ಷ ಮೊದಲೇ, 2010ರಲ್ಲಿ, ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಕೀಲರ ಸಂಘಗಳ ಇಂಥ ನಿರ್ಣಯಗಳು ಕಾನೂನಿಗೂ ವೃತ್ತಿಧರ್ಮಕ್ಕೂ ವಿರುದ್ಧವಾದವು, ಆದ್ದರಿಂದ ಅಸಿಂಧು ಎಂದು ಸ್ಪಷ್ಟವಾಗಿ ಸಾರಿತ್ತು. ಮುಂಬಯಿಯಲ್ಲಿ 2008ರಲ್ಲಿ ಕೈಯಲ್ಲಿ ಬಂದೂಕು ಹಿಡಿದು ಸಿಕ್ಕಿಬಿದ್ದ ಭಯೋತ್ಪಾದಕನಿಗೂ ಈ ದೇಶವು ವಕೀಲರನ್ನು ಒದಗಿಸಿತು. ಅದು ದೌರ್ಬಲ್ಯವಲ್ಲ. ಪ್ರತಿವಾದವನ್ನು ಕೇಳದೆ ವಿಧಿಸಿದ ಶಿಕ್ಷೆಯು ಸೇಡಾಗುತ್ತದೆ. ಪ್ರತಿವಾದವನ್ನು ಕೇಳಿ, ತೂಗಿ, ಬಳಿಕ ವಿಧಿಸಿದ ಶಿಕ್ಷೆ ಮಾತ್ರ ನ್ಯಾಯವೆನಿಸಿಕೊಳ್ಳುತ್ತದೆ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿಷಯದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯಿದೆಯು ಅತ್ಯಂತ ಕಠಿಣವಾದುದು. ವಿದ್ಯಾಸಂಸ್ಥೆಯ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿರುವವನು ಅಲ್ಲಿಯ ಮಗುವಿನ ಮೇಲೆ ಎಸಗಿದ ಅತ್ಯಾಚಾರವನ್ನು ಅದು ಉಗ್ರಸ್ವರೂಪದ ಅಪರಾಧವೆಂದು ಗಣಿಸುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 20 ವರ್ಷಗಳ ಸೆರೆ, ಗರಿಷ್ಠ ಮರಣದಂಡನೆ. ಸಾಮಾನ್ಯವಾಗಿ ಆರೋಪವನ್ನು ಸಾಬೀತುಪಡಿಸುವ ಭಾರವು ಸರ್ಕಾರದ ಮೇಲಿರುತ್ತದೆ. ಈ ಕಾಯಿದೆಯ 29ನೆಯ ಕಲಮಿನ ಪ್ರಕಾರ, ಕೆಲವು ಅಪರಾಧಗಳಲ್ಲಿ ಆರೋಪಿಯು ಕೃತ್ಯವೆಸಗಿದ್ದಾನೆಂದೇ ನ್ಯಾಯಾಲಯವು ಭಾವಿಸತಕ್ಕದ್ದು; ಹಾಗಲ್ಲವೆಂದು ಅವನೇ ತೋರಿಸಬೇಕು. ಶಿಕ್ಷೆಯು ಇಷ್ಟು ಭಾರವಾಗಿದ್ದು, ಹೊರೆಯು ಆರೋಪಿಯ ಹೆಗಲಿಗೆ ಇಷ್ಟರಮಟ್ಟಿಗೆ ಸರಿದಿರುವಾಗ, ಅವನ ಕೈಯಿಂದ ಪ್ರತಿವಾದವನ್ನೂ ಕಸಿದರೆ ಉಳಿಯುವುದೇನು? ಸುಳ್ಳು ಆಪಾದನೆಗಳು ಲೋಕದಲ್ಲಿ ಇಲ್ಲವೇ ಇಲ್ಲವೆಂದು ಯಾರೂ ಹೇಳಲಾರರು. ಕಾಯಿದೆಯೇ ಅದನ್ನು ಬಲ್ಲದು; ದ್ವೇಷದಿಂದ ಸುಳ್ಳು ದೂರು ಕೊಟ್ಟವರಿಗೆ ಅದರಲ್ಲಿ ಶಿಕ್ಷೆಯಿದೆ. ಆದರೆ ದೂರು ಕೊಟ್ಟಾತನು ಮಗುವಾಗಿದ್ದರೆ ಆ ಶಿಕ್ಷೆಯಿಲ್ಲವೆಂಬುದನ್ನೂ ಅದೇ ಕಲಮು ಹೇಳುತ್ತದೆ. ಆ ವಿನಾಯಿತಿಯಲ್ಲಿರುವ ಕರುಣೆಯನ್ನು ವಾಚಕರು ಗಮನಿಸಬೇಕು.

ಆದ್ದರಿಂದ ಆಪಾದಿತನು ಸಮರ್ಥ ವಕೀಲನನ್ನು ನೇಮಿಸಿಕೊಂಡನೆಂದರೆ ಅದೇ ಅವನ ಅಪರಾಧಕ್ಕೆ ಸಾಕ್ಷಿಯೆಂದು ತಿಳಿಯುವುದು ತಪ್ಪು. ವಕೀಲನು ಅವನ ಪರವಾಗಿ ನಿಂತನೆಂದರೆ ವಕೀಲನೂ ಪಾಪದಲ್ಲಿ ಪಾಲುದಾರನೆಂದು ತಿಳಿಯುವುದು ಅದಕ್ಕಿಂತ ದೊಡ್ಡ ತಪ್ಪು. ದೂರು ಯಾವಾಗ ಕೊಡಲಾಯಿತು, ತಡವಾಗಿದ್ದರೆ ಅದಕ್ಕೆ ಕಾರಣವೇನು, ನ್ಯಾಯಾಧೀಶರ ಮುಂದೆ ಮೊದಲು ಕೊಟ್ಟ ಹೇಳಿಕೆಗೂ ವಿಚಾರಣೆಯ ವೇಳೆಯ ಹೇಳಿಕೆಗೂ ಹೊಂದಾಣಿಕೆಯಿದೆಯೇ, ವೈದ್ಯರ ವರದಿ ಏನು ಹೇಳುತ್ತದೆ, ಆ ದಿನ ಆ ಹೊತ್ತಿನಲ್ಲಿ ಆಪಾದಿತನು ಎಲ್ಲಿದ್ದನು, ಹಿಂದೆ ಆಸ್ತಿಯ ಅಥವಾ ಅಧಿಕಾರದ ವ್ಯಾಜ್ಯವೇನಾದರೂ ಇತ್ತೇ ಎಂದು ಕೇಳುವುದೆಲ್ಲವೂ ಧರ್ಮಸಮ್ಮತವಾದ ಪ್ರತಿವಾದವೇ. ಸತ್ಯವಾದ ದೂರು ಈ ಪ್ರಶ್ನೆಗಳಿಗೆ ಹೆದರಬೇಕಾಗಿಲ್ಲ. ಸುಳ್ಳು ದೂರು ಇವುಗಳ ಮುಂದೆ ನಿಲ್ಲಬಾರದು.

ನಮ್ಮ ಸೀಮೆಯವರಿಗೆ ಕೆರೆಯ ಹೋಲಿಕೆ ಬೇಗ ತಿಳಿಯುತ್ತದೆ. ಭರಮಸಾಗರದ ಹಿರಿಯ ಕೆರೆಯು ದುರ್ಗದ ನಾಯಕರ ಕಾಲದ್ದು. ದಶಕಗಳ ಕಾಲ ಬತ್ತಿ ಬಾಯಾರಿದ್ದ ಅದು, 2021ರಲ್ಲಿ ತುಂಗಭದ್ರೆಯ ನೀರು ಏತ ನೀರಾವರಿಯ ಮೂಲಕ ಬಂದಾಗ ಮರಳಿ ತುಂಬತೊಡಗಿದುದನ್ನು ಕಂಡು ಕಣ್ಣೀರಿಟ್ಟ ಮುದುಕರಿದ್ದಾರೆ. ಕೆರೆಗೆ ಏರಿಯೊಂದಿದ್ದರೆ ಸಾಲದು, ಕೋಡಿಯೂ ಇರಬೇಕು. ಕೋಡಿಯಿಲ್ಲದ ಕೆರೆಯ ಏರಿ ಒಂದು ಮಳೆಗಾಲದಲ್ಲಿ ಒಡೆದು ಊರನ್ನೇ ಕೊಚ್ಚಿಕೊಂಡು ಹೋಗುತ್ತದೆ. ಹಾಗೆಂದು ಕೋಡಿಯನ್ನೇ ಅಗೆದು ತಗ್ಗಿಸಿದರೆ ಕೆರೆಯಲ್ಲಿ ನೀರೇ ನಿಲ್ಲುವುದಿಲ್ಲ. ಕಾನೂನು ಏರಿಯಾದರೆ ಪ್ರತಿವಾದವು ಕೋಡಿ. ಅದು ಇರಲೇಬೇಕು, ಮತ್ತು ಅದರ ಮಟ್ಟ ತಪ್ಪಬಾರದು.

ಈ ಮಟ್ಟ ತಪ್ಪಿದ ಕಾಲವೊಂದು ನಮ್ಮ ದೇಶದಲ್ಲಿತ್ತು. 1972ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂಬ ಮೊಕದ್ದಮೆ ನಡೆಯಿತು. ಉಚ್ಚ ನ್ಯಾಯಾಲಯವು ಪೇದೆಗಳಿಗೆ ಶಿಕ್ಷೆ ವಿಧಿಸಿದ್ದರೂ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವಳ ಮೈಮೇಲೆ ಗಾಯದ ಗುರುತುಗಳಿಲ್ಲ, ಅವಳು ಪ್ರತಿಭಟಿಸಿದ ಲಕ್ಷಣವಿಲ್ಲವೆಂದು ಅವರನ್ನು ಬಿಡುಗಡೆ ಮಾಡಿತು. ಠಾಣೆಯೊಳಗೆ, ಖಾಕಿ ತೊಟ್ಟವರ ನಡುವೆ, ಬಡ ಕೂಲಿಯ ಹುಡುಗಿಯೊಬ್ಬಳು ಕೂಗಲಿಲ್ಲವೆಂದರೆ ಅದು ಸಮ್ಮತಿಯೇ ಎಂದು ಕೇಳಿ 1979ರಲ್ಲಿ ಉಪೇಂದ್ರ ಬಕ್ಷಿ ಮೊದಲಾದ ನಾಲ್ವರು ಕಾನೂನು ಅಧ್ಯಾಪಕರು ಆ ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ದೇಶದಾದ್ಯಂತ ಹೆಂಗಸರು ಬೀದಿಗಿಳಿದರು. ಅದರ ಫಲವಾಗಿ 1983ರಲ್ಲಿ ಕಾನೂನು ಬದಲಾಯಿತು. ನೊಂದವಳ ಹೆಸರನ್ನು ಪ್ರಕಟಿಸುವುದು ಅಪರಾಧವಾದುದು ಆಗಲೇ.

ಆದರೂ ನ್ಯಾಯಾಲಯದಲ್ಲಿ ಒಂದು ಹಳೆಯ ಅಸ್ತ್ರ ಉಳಿದುಕೊಂಡಿತ್ತು. ಫಿರ್ಯಾದಿ ಹೆಣ್ಣಿನ ನಡತೆ ಸಡಿಲವಾದುದೆಂದು ತೋರಿಸಿ ಅವಳ ಮಾತನ್ನು ಅಲ್ಲಗಳೆಯಲು ಸಾಕ್ಷ್ಯ ಅಧಿನಿಯಮದಲ್ಲಿಯೇ ಅವಕಾಶವಿತ್ತು. ಬ್ರಿಟಿಷರು 1872ರಲ್ಲಿ ಬರೆದಿಟ್ಟ ಆ ಕಲಮನ್ನು ಕಿತ್ತೊಗೆಯಲು ನಮಗೆ 2002ರ ತಿದ್ದುಪಡಿಯವರೆಗೆ ಕಾಲ ಹಿಡಿಯಿತು. ನಂತರ ಬಂದ ಪೋಕ್ಸೊ ಕಾಯಿದೆಯು ಮಕ್ಕಳ ವಿಷಯದಲ್ಲಿ ಇನ್ನೂ ಮುಂದೆ ಹೋಯಿತು. ವಕೀಲನು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ. ನ್ಯಾಯಾಧೀಶರಿಗೆ ತಿಳಿಸಬೇಕು, ಅವರು ಮಗುವಿಗೆ ಕೇಳಬೇಕು. ಜಬರದಸ್ತಿನ ಪ್ರಶ್ನೆಗಳನ್ನೂ ಮಗುವಿನ ಚಾರಿತ್ರ್ಯವಧೆಯನ್ನೂ ನ್ಯಾಯಾಲಯವು ತಡೆಯಬೇಕು. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು. ಮಗು ನಂಬುವವರೊಬ್ಬರು ಅದರ ಜೊತೆಯಲ್ಲಿರಬಹುದು. ಸಾಕ್ಷಿ ನುಡಿಯುವಾಗ ಮಗುವಿನ ಕಣ್ಣಿಗೆ ಆಪಾದಿತನು ಬೀಳಬಾರದು; ಆದರೆ ಮಗುವಿನ ಮಾತು ಆಪಾದಿತನ ಕಿವಿಗೆ ಬೀಳಲೇಬೇಕು. ಈ ಕೊನೆಯ ನಿಯಮವೊಂದರಲ್ಲಿಯೇ ಎರಡು ಕಡೆಯ ಧರ್ಮವೂ ಅಡಗಿದೆ. ಮಗುವಿಗೆ ಅಭಯವೂ ಇದೆ, ಆಪಾದಿತನಿಗೆ ತನ್ನ ಮೇಲಿನ ಮಾತನ್ನು ಕೇಳಿ ಉತ್ತರಿಸುವ ಹಕ್ಕೂ ಇದೆ.

ಪ್ರಶ್ನಿಸುವ ಈ ಧರ್ಮಕ್ಕೆ ನಮ್ಮ ಪರಂಪರೆಯಲ್ಲಿಯೇ ಒಂದು ನಿದರ್ಶನವುಂಟು. ಶೂನ್ಯಸಂಪಾದನೆಯನ್ನು ಓದಿದವರು ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ಬಲ್ಲರು. ಅರಮನೆಯನ್ನು ತೊರೆದು ಒಂಟಿಯಾಗಿ ಬಂದ ತರುಣಿಯನ್ನು ಅಲ್ಲಮಪ್ರಭುಗಳು ಸುಲಭವಾಗಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವಳ ಗಂಡನ ವಿಷಯ, ಅವಳ ಉಡುಗೆಯ ವಿಷಯ, ಕೇಶದಿಂದ ಮೈ ಮರೆಸಿಕೊಂಡ ವಿಷಯ ಎಲ್ಲವನ್ನೂ ತೀಕ್ಷ್ಣವಾಗಿ ಕೇಳಿದರು. ಇದೂ ಒಂದು ಪಾಟೀಸವಾಲೇ. ಆದರೆ ಅಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಪ್ರಭುಗಳು ಕೇಳಿದುದು ಅವಳನ್ನು ಸಭೆಯಿಂದ ಹೊರಗಟ್ಟಲಿಕ್ಕಲ್ಲ, ಅವಳ ನಿಲುವು ಸಭೆಗೆ ತಿಳಿಯಲೆಂದು. ಉತ್ತರ ಬಂದಾಗ ಅದನ್ನು ಒಪ್ಪುವ ದೊಡ್ಡತನ ಅವರಲ್ಲಿತ್ತು. ಪ್ರಶ್ನಿಸಿದವರೇ ಕೊನೆಗೆ ಅವಳಿಗೆ ಶರಣೆಂದರು. ಉತ್ತರವನ್ನು ಒಪ್ಪಲು ಸಿದ್ಧನಿಲ್ಲದವನ ಪ್ರಶ್ನೆಯು ಪ್ರಶ್ನೆಯಲ್ಲ, ಅದು ಏಟು.

ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಲೇಬೇಕು. ಅಕ್ಕನು ಲೋಕವನ್ನೇ ಧಿಕ್ಕರಿಸಿ ಬಂದ ವೀರವಿರಾಗಿಣಿ. ಅವಳಿಗೆ ಆ ಪ್ರಶ್ನೆಗಳನ್ನು ಎದುರಿಸುವ ತಪೋಬಲವಿತ್ತು. ನಮ್ಮ ನಿಲಯಗಳಲ್ಲಿ ಓದುವ ಬಾಲೆಯರು ಅಕ್ಕಮಹಾದೇವಿಯರಲ್ಲ. ಅವರು ಬಡತನದಿಂದಲೋ ತಬ್ಬಲಿತನದಿಂದಲೋ ಮಠದ ನೆರಳಿಗೆ ಬಂದವರು. ತುಂಬಿದ ಸಭೆಯ ಪ್ರಶ್ನೆಯನ್ನು ಅಕ್ಕ ಗೆದ್ದಳೆಂದು ಅವರಿಂದಲೂ ಅದನ್ನೇ ಅಪೇಕ್ಷಿಸುವುದು ಅನ್ಯಾಯ. ಕಾನೂನು ಮುಚ್ಚಿದ ಬಾಗಿಲನ್ನು ವಿಧಿಸಿರುವುದು ಈ ಕಾರಣದಿಂದಲೇ.

ಇನ್ನು ಎರಡನೆಯ ಮಾತಿಗೆ ಬರೋಣ. ನ್ಯಾಯಾಲಯದ ಒಳಗೆ ವಕೀಲನಿಗೆ ಇಷ್ಟು ಕಟ್ಟಳೆಗಳಿವೆ. ನ್ಯಾಯಾಲಯದ ಹೊರಗೆ, ಬೀದಿಯಲ್ಲಿ ನಿಂತು ತಾನೇ ವಕೀಲನಾಗುವ ಭಕ್ತನಿಗೆ ಯಾವ ಕಟ್ಟಳೆಯಿದೆ? ವಕೀಲನು ಕೇಳಲಾಗದ ಪ್ರಶ್ನೆಯನ್ನು ನಾವು ಚಹಾದಂಗಡಿಯಲ್ಲಿ ಕೇಳಿದೆವು. ಆ ಮಕ್ಕಳು ಯಾರ ಮನೆಯವರು, ಯಾವ ಜಾತಿಯವರು, ಅವರ ತಾಯಿ ಎಂಥವಳು ಎಂದು ವಿಚಾರಿಸಿದೆವು. ನಮ್ಮಲ್ಲಿ ಎಷ್ಟು ಜನ ಈ ತಪ್ಪಿನಿಂದ ದೂರ ಉಳಿದೆವೆಂದು ಪ್ರತಿಯೊಬ್ಬರೂ ತಮ್ಮ ಅಂತರಂಗವನ್ನು ಕೇಳಿಕೊಳ್ಳಬೇಕು.

ಗುರುನಿಂದೆಯನ್ನು ಕೇಳಿ ಸುಮ್ಮನಿರಬಾರದೆಂಬುದು ಗಣಾಚಾರವಲ್ಲವೇ ಎಂದು ಹಿರಿಯರೊಬ್ಬರು ಕೇಳಿಯಾರು. ಪಂಚಾಚಾರಗಳಲ್ಲಿ ಗಣಾಚಾರವು ಒಂದು, ನಿಜ. ಆದರೆ ಅದರ ಜೊತೆಯಲ್ಲಿ ಸದಾಚಾರವೂ ಭೃತ್ಯಾಚಾರವೂ ಇವೆ. ಒಂದನ್ನು ಹಿಡಿದು ಉಳಿದವನ್ನು ಬಿಡಲು ಬರುವುದಿಲ್ಲ. ಗಣಾಚಾರವೆಂದರೆ ಗಣದ, ಅಂದರೆ ಸಮುದಾಯದ, ಶೀಲವನ್ನು ಕಾಯುವ ಧೈರ್ಯ. ಪ್ರಬಲನ ಮುಂದೆ ನಿಂತು ತಪ್ಪನ್ನು ತಪ್ಪೆನ್ನುವುದು ಗಣಾಚಾರವಾದೀತು. ದುರ್ಬಲಳಾದ ಮಗುವಿನ ಮೇಲೆ ಸಾವಿರ ಜನ ನಾಲಿಗೆ ಹರಿಯಬಿಡುವುದು ಗಣಾಚಾರ ಹೇಗಾದೀತು? ದೂರು ಕೊಡುವುದು ನಿಂದೆಯಲ್ಲ. ದೂರು ಸತ್ಯವೋ ಸುಳ್ಳೋ ಎಂದು ತಿಳಿಯಲು ನ್ಯಾಯಪೀಠವಿದೆ. ಗುರುವು ನಿರ್ದೋಷಿಯೆಂದು ನಂಬುವ ಭಕ್ತನು ಆ ಪೀಠಕ್ಕೆ ಹೆದರಬೇಕಾಗಿಲ್ಲ. ಅದರ ಮುಂದೆ ಮಕ್ಕಳು ನಿರ್ಭಯವಾಗಿ ಮಾತಾಡಲೆಂದು ಅವನೇ ಮೊದಲು ಹಾರೈಸಬೇಕು. ಹೆದರಿಸಿ ಬಾಯಿ ಮುಚ್ಚಿಸಿದ ಸಾಕ್ಷಿಯಿಂದ ದೊರೆತ ಖುಲಾಸೆಯು ನಿರ್ದೋಷಿಗೆ ಏನು ಗೌರವ ತಂದೀತು?

ಭಕ್ತಸಮೂಹವು ತಾನೇ ಪ್ರತಿವಾದಿಯಾದಾಗ ಏನಾಗುತ್ತದೆಂಬುದನ್ನು ದೇಶವು ಕಂಡಿದೆ. 2017ರ ಆಗಸ್ಟ್ 25ರಂದು ಹರಿಯಾಣದ ಪಂಚಕುಲದಲ್ಲಿ ಡೇರಾ ಸಚ್ಚಾ ಸೌದಾದ ಮುಖ್ಯಸ್ಥನು ಅತ್ಯಾಚಾರದ ಅಪರಾಧಿಯೆಂದು ನ್ಯಾಯಾಲಯವು ಸಾರಿದಾಗ ಅವನ ಅನುಯಾಯಿಗಳು ಗಲಭೆಗಿಳಿದರು. ಮೂವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆಸಾರಾಮ್ ಮೇಲಿನ ಪ್ರಕರಣಗಳಲ್ಲಿ ಸಾಕ್ಷಿಗಳ ಮೇಲೆ ಹಲ್ಲೆಗಳಾದವು, ಕೆಲವರ ಕೊಲೆಯೂ ಆಯಿತು. ಅಂಥ ಸಾಕ್ಷಿಗಳು ಹೂಡಿದ ಮೊಕದ್ದಮೆಯಲ್ಲಿಯೇ 2018ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಕ್ಷಿಗಳ ರಕ್ಷಣೆಯ ಯೋಜನೆಯನ್ನು ಇಡೀ ದೇಶಕ್ಕೆ ಅನ್ವಯಿಸಿತು. ಈ ಹೋಲಿಕೆಗಳಿಂದ ನಮ್ಮ ಸೀಮೆಯ ಪ್ರಕರಣದಲ್ಲಿ ಹಾಗೆ ಆಯಿತೆಂದು ಸೂಚಿಸುತ್ತಿಲ್ಲ. 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಕ್ಕಳ ಸಾಕ್ಷ್ಯ ಮುಗಿಯುವವರೆಗೆ ಆಪಾದಿತರು ಹೊರಗಿರಬಾರದೆಂದು ಏಕೆ ಯೋಚಿಸಿತೆಂಬುದು ಇವುಗಳಿಂದ ತಿಳಿಯುತ್ತದೆ. ಪೀಠದ ಪ್ರಭಾವವೆಂಬುದು ಪೀಠಾಧಿಪತಿಗಳು ಬಯಸದಿದ್ದರೂ ಕೆಲಸ ಮಾಡುತ್ತದೆ. ನಮ್ಮಂಥ ಭಕ್ತರ ಭಯಭಕ್ತಿಗಳ ಮೂಲಕವೇ ಅದು ಕೆಲಸ ಮಾಡುತ್ತದೆ.

ಇದೇ ಸಂದರ್ಭದಲ್ಲಿ ರಾಜಿಯ ವಿಚಾರವನ್ನೂ ಹೇಳಬೇಕು. ಭರಮಸಾಗರದವರಿಗೆ ಸಿರಿಗೆರೆ ದೂರವಲ್ಲ. ಅಲ್ಲಿಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಸೋಮವಾರ ಸೋಮವಾರ ಜನರು ಹೊಲದ ಬದುವಿನ, ದಾಯಾದಿ ಪಾಲಿನ, ಗಂಡಹೆಂಡಿರ ಮುನಿಸಿನ ವ್ಯಾಜ್ಯಗಳನ್ನು ತಂದು ಬಗೆಹರಿಸಿಕೊಳ್ಳುವುದನ್ನು ನೋಡಿದ್ದೇವೆ. ನ್ಯಾಯಾಲಯದ ಮೆಟ್ಟಿಲು ಹತ್ತಿ ಮನೆ ಮಾರಿಕೊಳ್ಳುವುದು ಎಷ್ಟೋ ಸಂಸಾರಗಳಿಗೆ ತಪ್ಪಿದೆ. ಅದು ಮಠಗಳ ದೊಡ್ಡ ಸೇವೆ. ಆದರೆ ಈ ಸೇವೆಯ ಅಭ್ಯಾಸಬಲದಿಂದ ಊರಿನ ಹಿರಿಯರು, ಮಗುವಿನ ಮೇಲಾದ ದೌರ್ಜನ್ಯವನ್ನೂ "ಕೂತು ಮಾತಾಡಿ ಮುಗಿಸೋಣ" ಎಂದರೆ ಅದು ಧರ್ಮವೂ ಅಲ್ಲ, ಕಾನೂನೂ ಅಲ್ಲ. ಬದುವಿನ ಜಗಳದಲ್ಲಿ ಇಬ್ಬರೂ ಸಮಬಲರು, ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬಹುದು. ಮಗು ಬಿಟ್ಟುಕೊಡಬೇಕಾದ ಪಾಲು ಯಾವುದು? ಅಪರಾಧವಾಗಿದೆಯೆಂದು ತಿಳಿದವನು ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ ಕಾಯಿದೆಯ 19ನೆಯ ಕಲಮು ವಿಧಿಸುತ್ತದೆ. ತಿಳಿಸದೆ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆಯುಂಟು. ರಾಜಸ್ಥಾನದ ಪ್ರಕರಣವೊಂದರಲ್ಲಿ ಶಿಕ್ಷಕನೊಬ್ಬನೂ ಬಾಲಕಿಯ ತಂದೆಯೂ ರಾಜಿಯಾದರೆಂದು ಮೊಕದ್ದಮೆಯನ್ನು ರದ್ದುಗೊಳಿಸಲಾಗಿತ್ತು. 2024ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮಾನ್ಯ ಮಾಡದೆ, ಇಂಥ ಅಪರಾಧವು ಇಬ್ಬರ ನಡುವಿನ ಖಾಸಗಿ ವಿಷಯವಲ್ಲವೆಂದು ಹೇಳಿ ವಿಚಾರಣೆ ಮುಂದುವರಿಯುವಂತೆ ಮಾಡಿತು. ನಿರ್ದೋಷಿಯಾದ ಆಪಾದಿತನಿಗೂ ಗುಟ್ಟಿನ ರಾಜಿ ಹಿತವಲ್ಲ. ಅದು ಅವನ ಮೇಲಿನ ಕಳಂಕವನ್ನು ತೊಳೆಯದೆ ಶಾಶ್ವತಗೊಳಿಸುತ್ತದೆ.

ಹಾಗಾದರೆ ಖುಲಾಸೆಯ ತೀರ್ಪು ಬಂದಮೇಲೆ ಭಕ್ತನು ಏನೆಂದು ತಿಳಿಯಬೇಕು? ನ್ಯಾಯಾಲಯವು ಖುಲಾಸೆಗೊಳಿಸಿದವರನ್ನು ಅಪರಾಧಿಯೆಂದು ಕರೆಯುವ ಅಧಿಕಾರ ನಮಗಾರಿಗೂ ಇಲ್ಲ. ಹದಿನಾಲ್ಕು ತಿಂಗಳು, ಬಳಿಕ ಮತ್ತೆ ಕೆಲವು ತಿಂಗಳು ಸೆರೆಯಲ್ಲಿದ್ದು, ವಿಚಾರಣೆಯನ್ನು ಎದುರಿಸಿ ಹೊರಬಂದವರಿಗೆ ಈ ಗೌರವ ಸಲ್ಲಬೇಕು. ನೊಂದವರಿಗೆ ಮೇಲಿನ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಕಾನೂನು ಕೊಟ್ಟಿದೆ. ಅದನ್ನು ಬಳಸಿದರೆ ಅದಕ್ಕೂ ಗೌರವ ಸಲ್ಲಬೇಕು. ಆದರೆ ಖುಲಾಸೆಯಾಯಿತೆಂದ ಮಾತ್ರಕ್ಕೆ ಮಕ್ಕಳು ಸುಳ್ಳುಗಾರರೆಂಬ ತೀರ್ಪನ್ನು ನಾವು ಸೇರಿಸಿಕೊಳ್ಳಬಾರದು. ಅಪರಾಧವು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಯಿತೇ ಎಂಬುದು ನ್ಯಾಯಾಲಯದ ಮುಂದಿದ್ದ ಪ್ರಶ್ನೆ. ಸಾಬೀತಾಗಲಿಲ್ಲವೆಂದರೆ ಆಪಾದಿತನಿಗೆ ಬಿಡುಗಡೆ. ದೂರಿತ್ತವರ ಮೇಲೆ ಬೇರೆ ವಿಚಾರಣೆ ನಡೆದು ಬೇರೆ ತೀರ್ಪು ಬರದ ಹೊರತು ಅವರನ್ನು ಸುಳ್ಳುಗಾರರೆನ್ನುವುದು, ಯಾವ ಆತುರದ ತೀರ್ಪನ್ನು ನಾವು ನಮ್ಮ ಗುರುವಿನ ವಿಷಯದಲ್ಲಿ ಖಂಡಿಸಿದೆವೋ ಅದೇ ಆತುರವಾಗುತ್ತದೆ. ಸಂಶಯದ ಲಾಭವನ್ನು ನ್ಯಾಯಾಲಯವು ಒಬ್ಬರಿಗೆ ಕೊಟ್ಟಿದೆ. ಮೌನದ ಲಾಭವನ್ನಾದರೂ ನಾವು ಆ ಮಕ್ಕಳಿಗೆ ಕೊಡೋಣ.

ವಿಳಂಬದ ವಿಷಯವನ್ನೂ ಮರೆಯಬಾರದು. ಮಗುವಿನ ಸಾಕ್ಷ್ಯವನ್ನು ನ್ಯಾಯಾಲಯವು ಪ್ರಕರಣವನ್ನು ಗಮನಕ್ಕೆ ತೆಗೆದುಕೊಂಡ 30 ದಿನಗಳೊಳಗೆ ದಾಖಲಿಸಬೇಕು, ಸಾಧ್ಯವಾದಮಟ್ಟಿಗೆ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕೆಂದು ಕಾಯಿದೆ ಹೇಳುತ್ತದೆ. ಇಲ್ಲಿ ದೂರು ದಾಖಲಾಗಿ ಇಪ್ಪತ್ತು ತಿಂಗಳು ಕಳೆದಮೇಲೂ ಬಾಲಕಿಯರ ಸಾಕ್ಷ್ಯ ಮುಗಿದಿರಲಿಲ್ಲ. ತೀರ್ಪಿಗೆ ಮೂರು ವರ್ಷಕ್ಕೂ ಮೇಲೆ ಹಿಡಿಯಿತು. ಈ ವಿಳಂಬವು ಸತ್ಯವಂತನಾದ ಆಪಾದಿತನನ್ನೂ ಸತ್ಯವಂತಳಾದ ಬಾಲೆಯನ್ನೂ ಸಮನಾಗಿ ದಂಡಿಸುತ್ತದೆ. ಅದರಿಂದ ಲಾಭವಾಗುವುದು ಸುಳ್ಳು ಹೇಳಿದವರಿಗೆ ಮಾತ್ರ.

ಕೊನೆಯದಾಗಿ, ನ್ಯಾಯಾಲಯವು ಉತ್ತರಿಸಲಾರದ ಪ್ರಶ್ನೆಯೊಂದು ನಮ್ಮ ಮುಂದೆ ಉಳಿಯುತ್ತದೆ. ನಮ್ಮ ಮಠದ ನಿಲಯದಲ್ಲಿ ಮಗುವೊಂದಕ್ಕೆ ಯಾರಿಂದಲಾದರೂ ಅನ್ಯಾಯವಾದರೆ, ಅದನ್ನು ಹೇಳಿಕೊಳ್ಳಲು ಆ ಮಗುವಿಗೆ ಮಠದ ಒಳಗೇ ಒಂದು ದಾರಿ ಇದೆಯೇ? ಈ ಪ್ರಶ್ನೆ ಯಾವುದೇ ಒಂದು ಮಠಕ್ಕೆ ಸಂಬಂಧಿಸಿದ್ದಲ್ಲ, ಯಾವುದೇ ತೀರ್ಪಿನಿಂದ ಮುಗಿಯುವಂಥದೂ ಅಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮುರುಘಾಮಠದ ಜಯದೇವ ಜಗದ್ಗುರುಗಳು ಊರೂರುಗಳಲ್ಲಿ ಉಚಿತ ಪ್ರಸಾದ ನಿಲಯಗಳನ್ನು ತೆರೆಯದೆ ಇದ್ದಿದ್ದರೆ, ಸಿದ್ಧಗಂಗೆ ಸುತ್ತೂರು ಸಿರಿಗೆರೆಗಳು ಆ ದಾರಿಯಲ್ಲಿ ನಡೆಯದೆ ಇದ್ದಿದ್ದರೆ, ಈ ಲೇಖನವನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಅಕ್ಷರವನ್ನೇ ಕಾಣುತ್ತಿರಲಿಲ್ಲ. ತಾಯಿತಂದೆಗಳು ಮಗುವನ್ನು ಮಠದ ಬಾಗಿಲಲ್ಲಿ ಬಿಟ್ಟು ನಿಶ್ಚಿಂತೆಯಿಂದ ಊರಿಗೆ ಮರಳುತ್ತಿದ್ದರು. ಆ ನಿಶ್ಚಿಂತೆಯೇ ಮಠದ ನಿಜವಾದ ಆಸ್ತಿ. ಅದನ್ನು ಯಾವ ವಕೀಲನೂ ವಾದಿಸಿ ಗೆದ್ದುಕೊಡಲಾರನು.

ಅದನ್ನು ಉಳಿಸಿಕೊಳ್ಳಲು ಹಳೆಯ ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದು ಬಹಳ ಇದೆ. ಹೆಣ್ಣುಮಕ್ಕಳ ನಿಲಯದ ಹೊಣೆ ಅನುಭವಿಗಳಾದ ಮಹಿಳೆಯರ ಕೈಯಲ್ಲಿರಲಿ. ಎಷ್ಟೇ ದೊಡ್ಡವರಾಗಲಿ, ಮಗುವನ್ನು ಒಂಟಿಯಾಗಿ ಕರೆಸಿಕೊಳ್ಳುವ ಪದ್ಧತಿ ಇರಬಾರದು. ಈ ಒಂದು ನಿಯಮವು ಮಗುವನ್ನು ಕೇಡಿನಿಂದಲೂ ದೊಡ್ಡವರನ್ನು ಸುಳ್ಳು ಆಪಾದನೆಯಿಂದಲೂ ಏಕಕಾಲಕ್ಕೆ ಕಾಯುತ್ತದೆ. ಮಠದ ಋಣದಲ್ಲಿಲ್ಲದ ಒಬ್ಬಿಬ್ಬರು ಹೊರಗಿನವರು, ಒಬ್ಬ ಶಿಕ್ಷಕಿಯೋ ವೈದ್ಯೆಯೋ, ತಿಂಗಳಿಗೊಮ್ಮೆ ಬಂದು ಮಕ್ಕಳೊಡನೆ ಮಾತಾಡಲಿ. ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ಮಗುವಿನ ಕಣ್ಣಿಗೆ ಬೀಳುವಲ್ಲಿ ಬರೆಯಲಿ, ಕರೆ ಮಾಡಲು ದೂರವಾಣಿಯೂ ಕೈಗೆಟಕುವಂತಿರಲಿ. ಮಠಕ್ಕೆ ದಾಸೋಹದ ಅಕ್ಕಿ ಕೊಡುವಾಗ ಇವನ್ನೂ ವಿಚಾರಿಸುವುದು ಅವಿನಯವಲ್ಲ. ಗುರುವನ್ನು ಪ್ರೀತಿಸುವವನೇ ಗುರುಪೀಠದ ಸುತ್ತ ಇಂಥ ಬೇಲಿಯನ್ನು ಹಾಕುತ್ತಾನೆ.

ಶರಣಬಂಧುಗಳೇ, ಏರಿ ಕೋಡಿಗಳೆರಡೂ ಸರಿಯಿದ್ದರೂ ಮೇಲಿನ ಹಳ್ಳದಲ್ಲಿ ಹೂಳು ತುಂಬಿದ್ದರೆ ಕೆರೆಗೆ ನೀರು ಬಾರದು. ನ್ಯಾಯಾಲಯವು ತನ್ನ ಕೆಲಸವನ್ನು ಮಾಡಲಿ. ವಕೀಲನು ನಿರ್ಭಯವಾಗಿ ವಾದಿಸಲಿ. ಮಗುವು ನಿರ್ಭಯವಾಗಿ ನುಡಿಯಲಿ. ಅವರ ಕೆಲಸವನ್ನು ನಾವು ನಮ್ಮ ಕೈಗೆ ತೆಗೆದುಕೊಳ್ಳುವುದು ಬೇಡ. ಹಳ್ಳದ ಹೂಳೆತ್ತುವ ಕೆಲಸ ಮಾತ್ರ ನಮ್ಮದು, ಭಕ್ತರದು. ಮುಂದಿನ ಸಲ ಮಠಕ್ಕೆ ಹೋದಾಗ ಗದ್ದುಗೆಗೆ ನಮಸ್ಕರಿಸಿ ಹಾಗೆಯೇ ಹಿಂದಿರುಗದೆ, ಮಕ್ಕಳ ನಿಲಯದ ಕಡೆಗೂ ಒಮ್ಮೆ ನಡೆದು ನೋಡಿ.